ಬಣ್ಣ ಹಚ್ಚದ ಫ್ರೇಮು

ಉಪ್ಪಾರಹಳ್ಳಿ, ತುಮಕೂರು
5 ಅಕ್ಟೋಬರ್ 2025, ಭಾನುವಾರ

ಚಿರಂಜೀವಿ ದೀಪಿಕಾಳಿಗೆ,

ನಿನ್ನ ಅಪ್ಪ ವೀರಭದ್ರಯ್ಯ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿನ್ನಮ್ಮನ ಮಂಡಿ ನೋವು, ನನ್ನ ಬಲಗಣ್ಣಿನ ಪೊರೆ, ಇವೆರಡನ್ನು ಬಿಟ್ಟರೆ ಕ್ಷೇಮವೇ. ಅಂಗಡಿ ನಡೆಯುತ್ತಿದೆ. ಶಿರಾ ಗೇಟಿನಲ್ಲಿ ಈಗ ಪಂಕ್ಚರ್ ಹಾಕಿಸಿಕೊಳ್ಳುವವರಿಗಿಂತ ಗೇರ್ ಸೈಕಲ್ಲಿನ ಗೇರು ಕೂರಿಸಿಕೊಳ್ಳುವವರೇ ಹೆಚ್ಚು. ಅವರೇ ವಿಡಿಯೋ ನೋಡಿಕೊಂಡು ಬಿಚ್ಚುತ್ತಾರೆ, ಅರ್ಧ ಬಿಚ್ಚಿದ್ದನ್ನು ಚೀಲದಲ್ಲಿ ತುಂಬಿಕೊಂಡು ನನ್ನ ಹತ್ತಿರ ಬರುತ್ತಾರೆ.

ಆಗಸ್ಟ್ ಮೊದಲ ವಾರ ಬಂದ ನಿನ್ನ ಕಾಗದಕ್ಕೆ ಅಕ್ಟೋಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಈ ಎರಡು ತಿಂಗಳು ನಾನು ಕೈಕಟ್ಟಿ ಕೂತಿರಲಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರು ಏನು ಮಾತಾಡುತ್ತೇವೆ ಎಂದು ನಿನಗೂ ಗೊತ್ತು. ‘ಊಟ ಆಯ್ತಾ?’ ‘ಆಯ್ತು.’ ‘ತಡಿ, ಅಮ್ಮಂಗೆ ಕೊಡ್ತೀನಿ.’ ನಾಲ್ಕು ವರ್ಷದಿಂದ ಇಷ್ಟೇ. ಇದರಲ್ಲಿ ಹೊಸದೇನನ್ನೂ ಸೇರಿಸುವ ಧೈರ್ಯ ನನಗೆ ಬರಲಿಲ್ಲ.

ನಿನ್ನ ಕಾಗದವನ್ನು ಅಂಚೆಯವನು ಅಂಗಡಿಗೇ ತಂದುಕೊಟ್ಟ. ಹಿಮಾಚಲದ ಮುದ್ರೆ ನೋಡಿದ್ದೇ ನಿಂತಲ್ಲೇ ಒಡೆದೆ. ಕೈಗೆ ಗ್ರೀಸ್ ಮೆತ್ತಿತ್ತು, ಒರೆಸಿಕೊಳ್ಳುವಷ್ಟು ತಾಳ್ಮೆಯೂ ಇರಲಿಲ್ಲ. ಹಾಗಾಗಿ ನಿನ್ನ ಕಾಗದದ ಅಂಚಿನಲ್ಲಿ ನನ್ನ ಹೆಬ್ಬೆಟ್ಟು ಬಿದ್ದಿದೆ. ನೀನು ಕುಲ್ಲುವಿನ ಸೇಬಿನ ನರ್ಸರಿಯ ಬಗ್ಗೆ ಬರೆದದ್ದನ್ನೆಲ್ಲ ಓದಿದೆ, ಹಿಮ ಬಿದ್ದಾಗ ಸಸಿಗಳಿಗೆ ಗೋಣಿ ಸುತ್ತುವುದನ್ನೂ ಓದಿದೆ. ಆಮೇಲೆ ಇದು ಬಂತು:

‘ಮುಂದಿನ ಜೂನ್‌ನಲ್ಲಿ ಸ್ಪಿತಿ ಕಣಿವೆಗೆ ಸೈಕಲ್ಲಲ್ಲಿ ಹೋಗ್ತಾ ಇದೀನಪ್ಪ. ಗುರು ತನ್ನ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದನಲ್ಲ, ಅದೇ ದಾರಿ. ಟಾರೇ ಇಲ್ಲ, ಬರೀ ಕಲ್ಲು, ಮಧ್ಯೆ ಹಳ್ಳದ ನೀರು. ಟೆಂಟು, ಸ್ಟೌವು, ಹದಿನೈದು ದಿನದ ಸಾಮಾನು ಎಲ್ಲಾ ಸೈಕಲ್ ಮೇಲೇ. ಹಳೇ ಸ್ಟೀಲ್ ಫ್ರೇಮ್ ಒಂದು ಬೇಕು. ನಂಗೆ ಆರಿಸೋಕೆ ಬರಲ್ಲ ಅಂತ ನಿಂಗೆ ಗೊತ್ತಲ್ಲ. ಈ ಸಲ ನೀನೇ ಆರಿಸು.’

ಆ ಕೊನೆಯ ಎರಡು ಸಾಲಿನ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಗಿರಾಕಿಯೊಬ್ಬ ಬಂದು ಗಾಳಿ ಹೊಡೆದುಕೊಂಡು ಹೋದದ್ದೂ ತಿಳಿಯಲಿಲ್ಲ.

ನಾವು ಯಾರೂ ಬಾಯಿಬಿಟ್ಟು ಆಡದ ಮಾತನ್ನು ಈಗ ಬರೆದುಬಿಡುತ್ತೇನೆ. ನೀನು ಬಾಗಲಕೋಟೆಯಲ್ಲಿ ಓದುವಾಗ ಸ್ಟೈಪೆಂಡ್ ಉಳಿಸಿ, ತಮ್ಮ ಗುರುವಿನ ಹುಟ್ಟುಹಬ್ಬಕ್ಕೆಂದು ಆ ನೀಲಿ ಫ್ರೇಮನ್ನು ಯಾರದೋ ಕೈಯಿಂದ ಕೊಂಡು ಕಳಿಸಿದೆ. ನಾನೇ ಅದಕ್ಕೆ ಚಕ್ರ ಕೂರಿಸಿಕೊಟ್ಟೆ. ಒಂದು ವರ್ಷ ಗುರು ಅದರ ಮೇಲಿಂದ ಇಳಿಯಲಿಲ್ಲ. ನಾಲ್ಕು ವರ್ಷದ ಹಿಂದೆ, ವಿಜಯದಶಮಿಯ ಬೆಳಿಗ್ಗೆ, ದೇವರಾಯನದುರ್ಗದ ಇಳಿಜಾರಿನಲ್ಲಿ ಆ ಫ್ರೇಮು ಹ್ಯಾಂಡಲಿನ ಬುಡದಲ್ಲಿ ಮುರಿಯಿತು. ಇಪ್ಪತ್ತನಾಲ್ಕು ವರ್ಷದ ಹುಡುಗ ಆಸ್ಪತ್ರೆಗೂ ತಲುಪಲಿಲ್ಲ. ಬಂದವರೆಲ್ಲ ‘ಸೆಕೆಂಡ್ ಹ್ಯಾಂಡ್ ಮಾಲು’ ಎಂದರು. ಶಿವಗಣಾರಾಧನೆಯ ದಿನ ನಾನೂ ಯಾರಿಗೋ, ‘ಹಳೇ ಫ್ರೇಮು ಬ್ಯಾಡ ಅಂತ ಅವತ್ತೇ ಹೇಳಿದ್ದೆ ಗುರುಗೆ, ಕೇಳ್ಲಿಲ್ಲ’ ಎಂದೆ. ನೀನು ಹಿಂದೆಯೇ ನೀರಿನ ಚೊಂಬು ಹಿಡಿದು ನಿಂತಿದ್ದೆ. ಆ ವಾರವೇ ಹೊರಟೆ. ಮತ್ತೆ ಈ ಮನೆಗೆ ಬಂದಿಲ್ಲ.

ನಿನ್ನ ಕಾಗದ ಬಂದ ಮೊದಲ ಹದಿನೈದು ದಿನ ‘ಹೋಗಬೇಡ’ ಎಂದು ಬರೆಯಲು ಕೂತೆ, ಹರಿದೆ. ನಿನ್ನಮ್ಮ ಮುಖ ಊದಿಸಿಕೊಂಡು ಓಡಾಡಿದಳು. ಕೊನೆಗೊಂದು ದಿನ ಮುದ್ದೆ ಬಡಿಸುತ್ತಾ ಹೇಳಿಯೇಬಿಟ್ಟಳು. ‘ಮಗಳ ಮ್ಯಾಲೆ ಸಿಟ್ಟು ಇನ್ನೂ ಇಳಿದಿಲ್ವಾ ನಿಮ್ಗೆ? ಅವಳಾಗೇ ಕೈಚಾಚವ್ಳೆ. ಈಗ್ಲೂ ಕೊಡ್ದೆ ಹೋದ್ರೆ ಇನ್ಯಾವತ್ತು ಕೊಡ್ತೀರಾ? ನಾನ್ ಸತ್ ಮೇಲಾ?’ ನನಗೆ ಸಿಟ್ಟಿಲ್ಲ ಎಂದೆ. ಅವಳು ನಂಬಲಿಲ್ಲ. ಸಾರಿಗೆ ಉಪ್ಪು ಹಾಕಿರಲಿಲ್ಲ, ಅದನ್ನು ಹೇಳುವ ಧೈರ್ಯವೂ ನನಗೆ ಬರಲಿಲ್ಲ.

ನೀನು ಹೋಗುವುದು ಹೋಗಿಯೇ ಹೋಗುತ್ತೀಯ. ನಿನ್ನ ಹಟ ಯಾರದು ಎಂದು ನನಗೆ ಗೊತ್ತಿಲ್ಲವೇ? ಹೋಗುವವಳ ಕೆಳಗೆ ಗಟ್ಟಿ ಫ್ರೇಮು ಇರಲಿ ಎಂದು ಹುಡುಕಲು ಹೊರಟೆ. ಸ್ಟೀಲೇ ಬೇಕು ಎಂದದ್ದು ಸರಿಯಾಗಿದೆ. ಅಲ್ಯುಮಿನಿಯಂ ಬಿರುಕು ಬಿಟ್ಟರೆ ಆ ಬೆಟ್ಟದ ಮೇಲೆ ಯಾರೂ ಕೈ ಹಾಕುವುದಿಲ್ಲ. ಸ್ಟೀಲಾದರೆ ಟ್ರ್ಯಾಕ್ಟರ್ ರಿಪೇರಿ ಮಾಡುವವನೂ ಬೆಸುಗೆ ಹಾಕಿ ಊರು ಮುಟ್ಟಿಸುತ್ತಾನೆ.

ಮೊದಲು ಹೋದದ್ದು ಗುಬ್ಬಿಗೆ. ಅಲ್ಲಿ ಕರಿಸಿದ್ದಪ್ಪ ಅಂತ ಇದ್ದಾನೆ, ಮೂವತ್ತು ವರ್ಷ ಸೈಕಲ್ ಮೇಲೆ ತೆಂಗಿನಕಾಯಿ ಹೊತ್ತವನು. ಒಂದು ಸಲಕ್ಕೆ ನೂರಿಪ್ಪತ್ತು ಕಾಯಿ. ಅವನ ಹಳೆಯ ದೊಡ್ಡ ಸೈಕಲ್ಲು ಇನ್ನೂ ಗೋಡೆಗೊರಗಿ ನಿಂತಿದೆ, ಒಂದು ಮಿಲಿಮೀಟರ್ ಬಾಗಿಲ್ಲ. ‘ತಗಂಡೋಗಪ್ಪ, ಆನೆ ಕೂರ್ಸಿದ್ರೂ ತಡೀತದೆ’ ಎಂದ. ತಡೆಯುತ್ತದೆ ನಿಜ. ಆದರೆ ಅದರ ಹಿಂದಿನ ಚಕ್ರ ಹಿಡಿಯುವ ಕವಲು ಕಿರಿದು, ಗೇರಿನ ಚಕ್ರ ಕೂರುವುದಿಲ್ಲ. ಗೇರಿಲ್ಲದೆ ಆ ಬೆಟ್ಟ ಹತ್ತಲು ನೀನೇನು ಕರಿಸಿದ್ದಪ್ಪನೇ? ಆದರೂ ಅವನಿಂದ ಒಂದು ಮಾತು ಕಲಿತು ಬಂದೆ, ನೀನೂ ಕೇಳಿಸಿಕೋ. ‘ಎಲ್ಲಾನೂ ಹಿಂದ್ಗಡೆ ಎತ್ರಕ್ಕೆ ಕಟ್ಬ್ಯಾಡ ಅನ್ನು ನಿನ್ ಮಗಳ್ಗೆ. ಅರ್ಧ ಮುಂದಿನ ಗಾಲಿ ಪಕ್ಕ, ನೆಲದ್ ಹತ್ರ ಕಟ್ಲಿ. ಮ್ಯಾಲ್ ಕಟ್ಟಿದ್ ಹೊರೆ ಇಳಿಜಾರಲ್ಲಿ ಸವಾರನ್ ಮಾತು ಕೇಳಕ್ಕಿಲ್ಲ.’ ಇಳಿಜಾರು ಎಂದಾಗ ನಾನು ಬೇರೆ ಕಡೆ ತಿರುಗಿಕೊಂಡೆ. ಅವನಿಗೆ ನಮ್ಮ ವಿಷಯ ಗೊತ್ತಿಲ್ಲ, ತಪ್ಪು ತಿಳಿಯಬಾರದು.

ಅಲ್ಲಿಂದ ಬಿದರೆಹಳ್ಳ ಕಾವಲಿಗೆ ಹೋದೆ. ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಂಜನ್ ಎಂಬ ಹುಡುಗ ಒಂದು ಫ್ರೇಮು ಮಾರುತ್ತಿದ್ದಾನೆಂದು ಕೇಳಿದ್ದೆ. ಎಂಥ ಫ್ರೇಮು ಅಂತೀಯ! ಬೆರಳಲ್ಲಿ ಬಡಿದರೆ ಪೂಜೆಯ ಗಂಟೆಯಂತೆ ನಾದ. ತೆಳು ಕೊಳವೆ, ಹೂವಿನಷ್ಟು ಹಗುರ, ಕೆಂಪು ಬಣ್ಣ. ನೀನು ನೋಡಿದ್ದರೆ ಬಿಡುತ್ತಿರಲಿಲ್ಲ. ಆದರೆ ಅದು ಒಳ್ಳೆಯ ರಸ್ತೆಯಲ್ಲಿ ಬರಿಗೈಯಲ್ಲಿ ಓಡುವ ಸೈಕಲ್ಲಿನದು. ದಪ್ಪ ಟೈರು ಒಳಗೆ ಹೋಗುವುದಿಲ್ಲ, ಕ್ಯಾರಿಯರ್ ಕೂರಿಸಲು ತೂತಿಲ್ಲ. ಹಿಂದಿನ ಕವಲು ಎಷ್ಟು ಗಿಡ್ಡವೆಂದರೆ, ಚೀಲ ಕಟ್ಟಿದರೆ ತುಳಿಯುವಾಗೆಲ್ಲ ಹಿಮ್ಮಡಿ ಚೀಲಕ್ಕೆ ಒದೆಯುತ್ತದೆ. ಬೇಡವೆಂದೆ.

ಅಂಜನ್ ಬೇಸರ ಮಾಡಿಕೊಳ್ಳಲಿಲ್ಲ. ಟೀ ಕೊಟ್ಟ. ಬಿರುಕು ಹುಡುಕುವುದೇ ತನ್ನ ಕಸುಬೆಂದು ಹೇಳಿ, ಎರಡು ಡಬ್ಬಿ ತಂದು ತೋರಿಸಿದ. ಕಬ್ಬಿಣದ ಮೇಲೆ ಕೆಂಪು ದ್ರಾವಣ ಸುರಿದು, ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಬೇಕಂತೆ. ಎಲ್ಲಿ ಬಿರುಕಿದೆಯೋ ಅಲ್ಲಿ ಒಳಗೆ ಕೂತ ಕೆಂಪು ಮೇಲೆದ್ದು ಬರುತ್ತದೆ. ಒಂದು ಹಳೆಯ ಪೆಡಲ್ ತೋಳಿನ ಮೇಲೆ ಮಾಡಿ ತೋರಿಸಿದ. ಬೆಳ್ಳಗಿನ ಪುಡಿಯ ಮೇಲೆ ಕೂದಲಿನಷ್ಟು ತೆಳುವಾದ ಕೆಂಪು ಗೆರೆ ಮೂಡಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ‘ಯಾಕ್ ಸಾರ್, ಶುಗರ್ ಇದ್ಯಾ? ಬೆವರ್ತಾ ಇದೀರಲ್ಲ’ ಎಂದು ಆ ಹುಡುಗ ಗಾಬರಿಯಾಗಿ ನೀರು ತಂದ. ಬಿಸಿಲು ಎಂದೆ. ಹೊರಡುವಾಗ ಆ ಎರಡು ಡಬ್ಬಿ ನನ್ನ ಚೀಲಕ್ಕೆ ಹಾಕಿದ. ಒಳ್ಳೆಯ ಹುಡುಗ.

ಮತ್ತೆ ಇಪ್ಪತ್ತು ದಿನ ಏನೂ ಸಿಗಲಿಲ್ಲ. ಗುಜರಿಯವರ ಹತ್ತಿರ ಒಂದು ನೋಡಿದೆ, ಒಳಗೆಲ್ಲ ತುಕ್ಕು ತಿಂದಿತ್ತು. ಇನ್ನೊಂದಕ್ಕೆ ಹೊಸ ಬಣ್ಣ ಹೊಡೆದಿದ್ದರು. ಹಳೆಯ ಫ್ರೇಮಿಗೆ ಹೊಸ ಬಣ್ಣ ಕಂಡರೆ ನಾನು ಬೆಲೆಯನ್ನೂ ಕೇಳುವುದಿಲ್ಲ. ನೀನೂ ಕೇಳಬೇಡ.

ಕುಣಿಗಲ್ಲಿನದು ಸಿಕ್ಕಿದ್ದು ಆಕಸ್ಮಿಕ. ಅಲ್ಲಿಂದ ಬಂದ ಗಿರಾಕಿಯೊಬ್ಬ, ‘ನಮ್ಮ ಬೀದೀಲಿ ಓಬಳಮ್ಮನ ಕೊಟ್ಟಿಗೆಯಲ್ಲಿ ಫಾರಿನ್ ಸೈಕಲ್ ಐತೆ, ಕೋಳಿ ಮೊಟ್ಟೆ ಇಡ್ತವೆ ಅದ್ರ ಮ್ಯಾಲೆ’ ಎಂದ. ಮರುದಿನವೇ ಬಸ್ಸು ಹತ್ತಿದೆ. ಓಬಳಮ್ಮನ ಗಂಡ ಕುದುರೆ ಸಾಕುವ ಕಡೆ ಲಾಯ ನೋಡಿಕೊಳ್ಳುತ್ತಿದ್ದನಂತೆ. ಇಪ್ಪತ್ತೈದು ವರ್ಷದ ಹಿಂದೆ ಕುದುರೆ ವೈದ್ಯ ಕಲಿಯಲು ಬಂದ ವಿದೇಶಿ ಹುಡುಗಿಯೊಬ್ಬಳು ವಾಪಸು ಹೋಗುವಾಗ ತನ್ನ ಸೈಕಲ್ಲನ್ನು ಅವನಿಗೆ ಕೊಟ್ಟು ಹೋಗಿದ್ದಳು. ಅವನು ತೀರಿಕೊಂಡು ಆರು ವರ್ಷ. ಅಂದಿನಿಂದ ಅದು ಕೊಟ್ಟಿಗೆಯಲ್ಲಿದೆ.

ಕೋಳಿ ಹಿಕ್ಕೆಯನ್ನು ಗೋಣಿಯಲ್ಲಿ ಒರೆಸಿದಾಗ ನನ್ನ ಕೈ ನಿಂತಿತು. ದೀಪೂ, ನೀನು ಕೇಳಿದ್ದು ಅದೇ. ಕ್ರೋಮೋಲಿ ಸ್ಟೀಲು, ಹಗುರವಾದರೂ ಗಟ್ಟಿ. ಇಪ್ಪತ್ತಾರು ಇಂಚಿನ ಚಕ್ರ, ಯಾವ ಮೂಲೆಯ ಅಂಗಡಿಯಲ್ಲೂ ಟೈರು ಟ್ಯೂಬು ಸಿಗುತ್ತದೆ. ಎರಡೂಕಾಲು ಇಂಚಿನ ಟೈರು ಹಾಕಿದರೂ ಮಣ್ಣು ಉದುರಲು ಜಾಗ ಉಳಿಯುತ್ತದೆ. ಹಿಂದಿನ ಕವಲು ಉದ್ದ, ನಿನ್ನ ಹಿಮ್ಮಡಿ ಚೀಲಕ್ಕೆ ತಾಗುವುದಿಲ್ಲ. ಕ್ಯಾರಿಯರಿಗೆ ಹಿಂದೆ ಎರಡು ಜೊತೆ ತೂತು, ಮುಂದಿನ ಫೋರ್ಕಿಗೂ ಇದೆ. ಅಳತೆಯೂ ನಿನ್ನದೇ. ನಾನು ಎರಡೂ ಕಡೆ ಕಾಲೂರಿ ನಿಂತರೆ ಮೇಲಿನ ಕೊಳವೆಗೆ ಇನ್ನೂ ನಾಲ್ಕು ಬೆರಳು ಜಾಗ ಉಳಿಯುತ್ತದೆ, ಎತ್ತರದಲ್ಲಿ ನೀನು ನನ್ನಷ್ಟೇ ಅಲ್ಲವೇ?

ಓಬಳಮ್ಮ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ‘ಮಾರಕ್ಕಿಲ್ಲ ಅದು’ ಎಂದಳು. ಸುಮ್ಮನೆ ನೋಡಿ ಹೋಗುತ್ತೇನೆ ಎಂದೆ. ನಾನು ಟಾರ್ಚ್ ಬಿಟ್ಟು ಕೊಳವೆಯೊಳಗೆ ನೋಡುವುದು, ಜಾಯಿಂಟು ಜಾಯಿಂಟಿಗೂ ಉಗುರು ಎಳೆಯುವುದು, ಕಿವಿ ಹಚ್ಚಿ ಬಡಿಯುವುದು, ಎಲ್ಲ ನೋಡಿದಳು. ಒಂದು ಗಂಟೆಯಾದ ಮೇಲೆ ಎದ್ದು ಬಂದಳು.

‘ನಮ್ಮೆಜಮಾನ್ರೂ ಹಿಂಗೇಯ. ದಿನಾ ಬೆಳಿಗ್ಗೆ ಕುದ್ರೆ ನಾಕು ಕಾಲೂ ಮುಟ್ಟಿ ನೋಡ್ದೆ ಆಚೆಗೆ ಬುಡ್ತಿರ್ಲಿಲ್ಲ. ಹಬ್ಬದ್ ದಿನಾನೂ ಹೋಗೋರು. ಇವತ್ತೊಂದಿನ ಒಬ್ಬಟ್ಟು ತಿಂದ್ಕಂಡು ಮನೇಲಿರಿ ಅಂದ್ರೆ, ಹಬ್ಬ ಅಂತ ಕುದ್ರೆ ಕಾಲು ನೋವ್ ಬ್ಯಾಡ ಅಂತದಾ ಅನ್ನೋರು.’

ನಾನು ಬಗ್ಗಿ ಹ್ಯಾಂಡಲಿನ ಬುಡವನ್ನು ಇನ್ನೊಂದು ಸಲ ಒರೆಸಿದೆ. ‘ಯಾರಿಗಪ್ಪಾ ಇದು?’ ಎಂದು ಕೇಳಿದಳು. ‘ಮಗಳಿಗೆ’ ಎಂದೆ. ‘ಗಂಡ್ ಮಕ್ಳಿಲ್ವಾ?’ ಎಂದಳು. ‘ಇದ್ದ’ ಎಂದೆ. ಆ ಒಂದು ಮಾತಿಗೆ ಆ ಮುದುಕಿ ನನ್ನ ಮುಖ ನೋಡಿ, ಒಳಗೆ ಹೋಗಿ ಮಜ್ಜಿಗೆ ತಂದಳು. ಸೈಕಲ್ಲಿಗೆ ಏನೂ ತೆಗೆದುಕೊಳ್ಳಲಿಲ್ಲ. ‘ಹಿಮದ್ ಮ್ಯಾಲೆ ನಿಲ್ಸಿ ಒಂದ್ ಫೋಟ ತೆಗ್ದು ಕಳ್ಸು ಅನ್ನು. ನಮ್ಮೆಜಮಾನ್ರು ಕೆರೆ ಏರಿ ದಾಟಿ ಹೋಗ್ಲಿಲ್ಲ, ಅವ್ರ ಸೈಕಲ್ಲಾದ್ರೂ ಹೋಗ್ಲಿ’ ಎಂದಳು. ಆ ಫೋಟೋ ಮರೆಯಬೇಡ. ದೊಡ್ಡದಾಗಿ ಮಾಡಿಸಿ ನಾನೇ ಕೊಟ್ಟು ಬರುತ್ತೇನೆ.

ಆಮೇಲೆ ಕೆಲಸ ಶುರುವಾಯಿತು. ಸೀಟಿನ ಕಂಬ ಒಳಗೇ ಕಚ್ಚಿಕೊಂಡಿತ್ತು. ದಿನಕ್ಕೆರಡು ಸಲ ಎಣ್ಣೆ ಬಿಟ್ಟು, ಬಿಸಿ ಮಾಡಿ, ತಿರುಗಿಸಿ, ಹನ್ನೊಂದನೇ ದಿನ ಬಂತು. ಒಳಗೆ ಮೇಲ್ಮೈ ತುಕ್ಕು ಮಾತ್ರ, ಕೆರೆದರೆ ಹೋಯಿತು. ಹಿಂದಿನ ಚಕ್ರ ಕೂರುವ ಒಂದು ಕಿವಿಯಿಂದ ದಾರ ಕಟ್ಟಿ, ಹ್ಯಾಂಡಲ್ ಕೂರುವ ಮುಂದಿನ ತಲೆಗೆ ಸುತ್ತಿ, ಇನ್ನೊಂದು ಕಿವಿಗೆ ತಂದು ಅಳೆದೆ. ನಡುವಿನ ಕೊಳವೆಯಿಂದ ಎರಡು ಕಡೆಯ ದಾರಕ್ಕೂ ಒಂದೇ ಅಂತರ, ಬೆಂಕಿಕಡ್ಡಿಯ ದಪ್ಪವೂ ವ್ಯತ್ಯಾಸವಿಲ್ಲ, ಫ್ರೇಮು ನೆಟ್ಟಗಿದೆ. ಪೆಡಲಿನ ಅಚ್ಚನ್ನು ತಿರುಗಿಸಿ ಕೂರಿಸುವ ಮರೆಯ ಸುತ್ತುಗೆರೆ ಸವೆದಿಲ್ಲ. ಮೇಲಿನ ಕೊಳವೆಯಲ್ಲಿ ಹುಣಸೆಬೀಜದಷ್ಟು ಸಣ್ಣ ತಗ್ಗಿದೆ, ಅದಕ್ಕೆ ಹೆದರಬೇಡ. ಹೆದರಬೇಕಾದ್ದು ಹ್ಯಾಂಡಲಿನ ಬುಡದಲ್ಲಿ, ಕೆಳಗಿನ ಕೊಳವೆ ಬಂದು ಸೇರುವ ಜಾಗದಲ್ಲಿ. ಹೊರೆ ಹೊತ್ತು ಕಲ್ಲಿನ ಮೇಲೆ ಇಳಿಯುವಾಗ ಎಲ್ಲ ಪೆಟ್ಟೂ ಅಲ್ಲಿಗೇ ಬೀಳುತ್ತದೆ.

ಅದಕ್ಕೇ ಇಡೀ ಫ್ರೇಮಿನ ಬಣ್ಣ ತೆಗೆದಿದ್ದೇನೆ, ಉಪ್ಪುಕಾಗದದಲ್ಲಿ ಉಜ್ಜಿ ಬರಿಯ ಲೋಹಕ್ಕೆ ತಂದಿದ್ದೇನೆ. ಅಂಜನ್ ಕೊಟ್ಟ ಕೆಂಪು ಬಿಳಿ ಎರಡನ್ನೂ ಒಂಬತ್ತು ಜಾಯಿಂಟಿಗೂ ಹಾಕಿ ನೋಡಿದೆ. ಎಲ್ಲೂ ಗೆರೆ ಬರಲಿಲ್ಲ. ಮೇಲೆ ಒಳಗಿನ ಲೋಹ ಕಾಣುವಂಥ, ಬಣ್ಣವಿಲ್ಲದ ವಾರ್ನಿಷ್ ಮಾತ್ರ ಬಳಿದಿದ್ದೇನೆ. ಇದೇನು ಅಪ್ಪ ಬೆತ್ತಲೆ ಸೈಕಲ್ ಕಳಿಸಿದ್ದಾನೆ ಎನ್ನಬೇಡ. ಬಣ್ಣ ಹಚ್ಚಿಸಬೇಡ, ಸ್ಟಿಕರ್ ಅಂಟಿಸಬೇಡ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಬಟ್ಟೆಯಲ್ಲಿ ಒರೆಸಿ ಆ ಬುಡ ನೋಡು. ಎದ್ದು ತುಳಿದಾಗ ಸಣ್ಣ ಸದ್ದು ಬಂದರೂ ಅಲ್ಲೇ ಇಳಿ. ಕತ್ತಲಾಗುತ್ತಿದ್ದರೂ ಇಳಿ, ಮಳೆ ಬರುತ್ತಿದ್ದರೂ ಇಳಿ, ಜೊತೆಯವರು ನಕ್ಕರೂ ಇಳಿ.

ಕೊನೆಯ ಈ ತಪಾಸಣೆ ಮಾಡಿದ್ದು ಮೊನ್ನೆ ಬುಧವಾರ, ಆಯುಧಪೂಜೆಯ ದಿನ. ಶಿರಾ ಗೇಟ್ ತುಂಬ ಬಾಳೆಕಂದು, ರಸ್ತೆ ತುಂಬ ಒಡೆದ ಬೂದುಗುಂಬಳ. ನಾನೊಬ್ಬನೇ ಷಟರ್ ಅರ್ಧ ಎಳೆದುಕೊಂಡು ಕೆಲಸ ಮಾಡುತ್ತಿದ್ದೆ. ನಾಲ್ಕು ವರ್ಷದಿಂದ ನಾನು ಸ್ಪ್ಯಾನರುಗಳನ್ನು ಪೂಜೆಗೆ ಇಟ್ಟಿಲ್ಲ. ಪಕ್ಕದ ಅಂಗಡಿಯವರು ಮಗ ಹೋದ ಮೇಲೆ ಇವನಿಗೆ ದೇವರ ಮೇಲೆ ಮುನಿಸು ಎಂದುಕೊಂಡಿದ್ದಾರೆ. ಸಂಜೆ ನಿನ್ನಮ್ಮ ತಟ್ಟೆ ಹಿಡಿದು ಅಂಗಡಿಗೇ ಬಂದಳು. ‘ನಿಮ್ಮ ಸಾಮಾನಿಗೆ ಬ್ಯಾಡ ಬುಡಿ. ನನ್ ಮಗಳು ಹತ್ತೋ ಗಾಡಿ, ಒಂದೆಳೆ ವಿಭೂತಿ ಹಚ್ತೀನಿ’ ಎಂದು ಫ್ರೇಮಿನ ತಲೆಗೆ ಕೈ ಚಾಚಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಸ್ವಲ್ಪ ಜೋರಾಗಿಯೇ ಹಿಡಿದೆನೋ ಏನೋ, ಒಂದು ಬಳೆ ಒಡೆಯಿತು. ಅವಳು ಅತ್ತುಕೊಂಡು ಹೋದಳು. ಇನ್ನೂ ಸರಿಯಾಗಿ ಮಾತಿಲ್ಲ. ಇವತ್ತು ತಿಂಡಿ ತಟ್ಟೆಯನ್ನು ನನ್ನ ಮುಂದೆ ಇಟ್ಟ ಸದ್ದು ಎದುರು ಮನೆಗೂ ಕೇಳಿಸಿರಬೇಕು.

ನಾಳೆ ಸೋಮವಾರ ಪಾರ್ಸೆಲ್ ಲಾರಿಗೆ ಹಾಕುತ್ತೇನೆ, ಹತ್ತು ಹನ್ನೆರಡು ದಿನದಲ್ಲಿ ಮುಟ್ಟುತ್ತದಂತೆ. ನಿನ್ನಮ್ಮ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಒಂದು ಉಣ್ಣೆಯ ಟೋಪಿ ತುಂಬಿದ್ದಾಳೆ. ಟೋಪಿಯ ಬಣ್ಣ ನೋಡಿ ನಗಬೇಡ, ಅವಳಿಗೆ ಅದು ಚೆನ್ನಾಗಿದೆ ಎಂದು ಹೇಳಿದವನು ನಾನೇ.

ಸ್ಪಿತಿಗೆ ಹೋಗಿ ಬಾ. ಗುರು ಬರೆದಿಟ್ಟ ಊರುಗಳನ್ನೆಲ್ಲ ನೋಡಿ ಬಾ. ದಾರಿಯಲ್ಲಿ ಸಿಗ್ನಲ್ ಸಿಕ್ಕ ಕಡೆಯಿಂದೆಲ್ಲ ಅಮ್ಮನಿಗೆ ಒಂದು ಮಾತು ಹೇಳು. ಮಲ್ಲಿಕಾರ್ಜುನ ನಿನ್ನ ಬೆನ್ನ ಹಿಂದೆಯೂ ಇರಲಿ, ಮುಂದಿನ ತಿರುವಿನಲ್ಲೂ ಇರಲಿ. ನೂರು ವರ್ಷ ಬಾಳು ಕಂದ.

ನಿನ್ನ ಅಪ್ಪ,
ವೀರಭದ್ರಯ್ಯ

ತಾ.ಕ.: ಮೇಲಿನದನ್ನೆಲ್ಲ ಬರೆದು ಮಡಿಸಿ ಇಟ್ಟಿದ್ದೆ. ಮತ್ತೆ ಬಿಚ್ಚಿದ್ದೇನೆ. ಹೇಳಬೇಕಾದ ಮಾತು ಅದರಲ್ಲಿ ಬಂದಿಲ್ಲ.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಗುರು ಆ ನೀಲಿ ಸೈಕಲ್ಲನ್ನು ಅಂಗಡಿಗೆ ತಂದಿದ್ದ. ನೀನು ಆಗ ಬಾಗಲಕೋಟೆಯಲ್ಲಿದ್ದೆ. ‘ಅಪ್ಪಾ, ಎದ್ದು ತುಳಿದ್ರೆ ಮುಂದ್ಗಡೆ ಟಿಕ್ ಟಿಕ್ ಅಂತದೆ. ಒಂಚೂರು ನೋಡು. ನಾಳೆ ಬೆಳಿಗ್ಗೆನೇ ದುರ್ಗಕ್ಕೆ ಹೋಗ್ಬೇಕು’ ಎಂದ. ಆಗಲೇ ಸ್ಪ್ಯಾನರು, ಸುತ್ತಿಗೆ, ಬೆಸುಗೆಯ ಕೊಳವೆ ಎಲ್ಲವನ್ನೂ ತೊಳೆದು, ಹೂವಿಟ್ಟು, ಮಣೆಯ ಮೇಲೆ ಜೋಡಿಸಿ ಮುಗಿಸಿದ್ದೆ. ‘ಪೂಜೆಗೆ ಕುಂತಿರೋ ಆಯುಧ ಮುಟ್ಟಕ್ಕಿಲ್ಲ ಕಣ್ಲಾ. ನಾಳೆ ಎತ್ತಿದ್ ಮೇಲೆ ನೋಡ್ತೀನಿ, ಬುಡು’ ಎಂದೆ. ಸೈಕಲ್ಲಿಗೂ ಪೂಜೆ ಮಾಡಿದೆ. ಅದೇ ಬುಡದ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟೆ. ಒಂದು ಸಲ ಒರೆಸಿ ನೋಡಲಿಲ್ಲ. ನೋಡುವುದಕ್ಕೆ ಸ್ಪ್ಯಾನರ್ ಬೇಕಿರಲಿಲ್ಲ ದೀಪೂ. ಬಟ್ಟೆ ಇತ್ತು, ಕಣ್ಣಿತ್ತು. ಮಾರನೆಯ ದಿನ ನಾನು ಏಳುವ ಮೊದಲೇ ಅವನು ಹೊರಟಿದ್ದ.

ಮುರಿದ ಫ್ರೇಮನ್ನು ಪೊಲೀಸರು ವಾಪಸು ಕೊಟ್ಟಾಗ ನೋಡಿದೆ. ಮುರಿದ ಜಾಗದಲ್ಲಿ ಅರ್ಧ ಹೊಳೆಯುತ್ತಿತ್ತು, ಅರ್ಧಕ್ಕೆ ತುಕ್ಕು ಹಿಡಿದಿತ್ತು. ಬಿರುಕು ಎಷ್ಟೋ ವಾರಗಳದು. ಸ್ಪಿತಿಗೆಂದು ರಾಗಿಮೂಟೆ ಕಟ್ಟಿಕೊಂಡು ದುರ್ಗ ಹತ್ತಿ ಇಳಿದು ಹೊರೆ ಅಭ್ಯಾಸ ಮಾಡುತ್ತಿದ್ದನಲ್ಲ, ಆಗ ಬಿಟ್ಟದ್ದು. ನನ್ನ ವಿಭೂತಿ ಆ ಬಿರುಕಿನೊಳಗೆ ಕೂತಿತ್ತು. ಇಪ್ಪತ್ತು ನಿಮಿಷದ ಬೆಸುಗೆ ಕೆಲಸ ಅದು. ಆ ಫ್ರೇಮು ಅಂಗಡಿಯ ಅಟ್ಟದ ಮೇಲೆ ಗೋಣಿಯಲ್ಲಿ ಇದೆ. ಯಾರಿಗೂ ತೋರಿಸಿಲ್ಲ.

‘ನಾನ್ ತಂದ ಫ್ರೇಮು, ನಾನೇ ಸಾಯಿಸ್ದೆ’ ಎಂದು ನೀನು ಗೋಡೆಗೆ ತಲೆ ಚಚ್ಚಿಕೊಂಡಾಗ ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ. ನನ್ನ ಪಾಪವನ್ನು ನೀನು ಹೊತ್ತುಕೊಂಡು ಹೋಗುವುದನ್ನು ನೋಡುತ್ತಾ ಕೂತೆ. ನಿನ್ನಮ್ಮನಿಗೂ ಇದು ಗೊತ್ತಿಲ್ಲ. ನಾಳೆ ಲಾರಿಗೆ ಹಾಕಿ ಬಂದು ಅವಳಿಗೂ ಹೇಳುತ್ತೇನೆ. ಅವಳು ಏನು ಮಾಡಿದರೂ ಸರಿ, ನೀನು ಏನು ಮಾಡಿದರೂ ಸರಿ. ಈ ಕಾಗದವನ್ನು ಸುರುಳಿ ಸುತ್ತಿ ಸೀಟಿನ ಕೊಳವೆಯೊಳಗೆ ಇಡೋಣ ಎಂದುಕೊಂಡಿದ್ದೆ. ಸಿಕ್ಕರೆ ಸಿಗಲಿ ಎಂದು. ಅದೂ ಬಚ್ಚಿಡುವುದೇ ಅಲ್ಲವೇ? ಹ್ಯಾಂಡಲಿನ ಬುಡಕ್ಕೇ, ಹೊರಗೆ ಕಾಣುವಂತೆ ಕಟ್ಟುತ್ತೇನೆ.

ಹಳೇ ಫ್ರೇಮು ಬೇಡ ಎಂದು ಗುರುವಿಗೆ ಹೇಳಿದ್ದೆ ಎಂದೆನಲ್ಲ, ಅದು ಸುಳ್ಳು. ನಾನು ಹಾಗೆ ಹೇಳಿಯೇ ಇರಲಿಲ್ಲ. ನೀನು ಕಳಿಸಿದ ದಿನ ಅದನ್ನೂ ಹೀಗೇ ಟಾರ್ಚ್ ಬಿಟ್ಟು, ದಾರ ಹಿಡಿದು, ಮೂಲೆಮೂಲೆ ನೋಡಿದ್ದೆ. ಒಂದು ಕುಂದೂ ಇರಲಿಲ್ಲ. ಗುರು ಪಕ್ಕದಲ್ಲೇ ನಿಂತಿದ್ದ. ಅವನಿಗೆ ನಾನು ಹೇಳಿದ್ದು ಇಷ್ಟು: ‘ನಿಮ್ಮಕ್ಕಂಗೆ ಆರ್ಸೋಕೆ ಬತ್ತದೆ ಕಣ್ಲಾ.’